ಹಳದಿಗೆ ತಿರುಗಿದ ಆರತಿ

ನನ್ನ ಪಾಠದ ಸಲುವಾಗಿ ಒಂದು ಮದಿವಿ ನಿಶ್ಚಯ ಮುರಿಯಾಕ ಬಂದಿತ್ತು ಅಂದ್ರ ನಮ್ಮ ಸ್ಟಾಫ್ ರೂಮಿನಾಗ ಈಗೂ ಯಾರೂ ನಂಬಂಗಿಲ್ಲ. "ನಿಮ್ಮ ಪಾಠಕ್ಕ ಹುಡುಗ್ರಿಗೆ ನಿದ್ದಿ ಬರ್ತೈತಿ ಮೇಡಂ, ನಿಶ್ಚಯ ಯಾಕ ಮುರೀತೈತಿ?" ಅಂತ ಗಣಿತದ ಸರ್ ಹಲ್ಲು ಕಿಸೀತಾರ. ಕಿಸೀಲಿ. ಅವರ ಬೀಜಗಣಿತ ಯಾರ ಮನಿ ಹಂದರದಾಗೂ ಕಾಲಿಟ್ಟಿಲ್ಲ, ನನ್ನ ರಸಾಯನಶಾಸ್ತ್ರ ಇಟ್ಟೈತಿ. ಕಾಲಿಟ್ಟು ನನ್ನ ಮಾನ ತಗಿಯಾಕ ಹೋಗಿತ್ತು, ಆ ಮಾತು ಬ್ಯಾರೆ.

ನನ್ನ ಮನಿ ಸಿಂಧನೂರಾಗ. ಸಾಲಿ ಇರೋದು ಮಸ್ಕಿಯಿಂದ ಒಳಗ, ಒಂದು ಹಳ್ಯಾಗ. ಸಿಂಧನೂರಿಂದ ಮಸ್ಕಿ ತನ ಬಸ್ಸು, ಅಲ್ಲಿಂದ ಟಂಟಂ ಆಟೋ. ಎಂಟು, ಒಂಬತ್ತು, ಹತ್ತು, ಮೂರೂ ಕ್ಲಾಸಿಗೆ ವಿಜ್ಞಾನ ನಂದ. ಭೌತಶಾಸ್ತ್ರದ ಅರ್ಧ ಪಾಠ ಬಸ್ಸಿನಾಗ ತಯಾರಾಗ್ತೈತಿ. ಡ್ರೈವರ್ ಗಕ್ಕನ ಬ್ರೇಕ್ ಹಾಕಿದಾಗ ನಿಂತ ಮಂದಿಯೆಲ್ಲಾ ಮುಂದ ಮುಗ್ಗರಿಸಿ ಒಬ್ಬರ ಮ್ಯಾಲೊಬ್ಬರು ಬೀಳ್ತಾರಲ್ಲ, ಅದು ಜಡತ್ವ. ಹಿಂಗ ಹೇಳಿದ್ರ ಹುಡುಗ್ರು ಕಣ್ಣು ತಗೀತಾರ, ಪುಸ್ತಕದಾಗ ಇದ್ದಂಗ ಹೇಳಿದ್ರ ಮುಚ್ಚತಾರ. ಒಮ್ಮಿ ಕಿರುಪರೀಕ್ಷೆಯಾಗ "ಒತ್ತಡ ಎಂದರೇನು? ಉದಾಹರಣೆ ಕೊಡಿ" ಅಂತ ಕೇಳಿದ್ದೆ. ಒಬ್ಬಾಕಿ "ಪರೀಕ್ಷೆ ಹತ್ತಿರ ಬಂದಾಗ ಆಗುವುದೇ ಒತ್ತಡ. ಉದಾಹರಣೆ: ನಮ್ಮ ಮೇಡಂ" ಅಂತ ಬರದಿದ್ಲು. ಸಿಟ್ಟು ಬರೋದಕ್ಕಿಂತ ಮೊದಲ ನಗು ಬಂದುಬಿಡ್ತು. ಉದಾಹರಣೆಗೆ ಅಂತ ಅರ್ಧ ಮಾರ್ಕು ಕೊಟ್ಟೆ.

ರಸಾಯನಶಾಸ್ತ್ರದಾಗ ನನ್ನ ಹೈರಾಣ ಮಾಡಿದ್ದು ಎರಡು ಶಬ್ದ. ಒಂದು ಆಮ್ಲ, ಇನ್ನೊಂದು ಪ್ರತ್ಯಾಮ್ಲ. ಆಮ್ಲ ಅಂದ ಕೂಡಲೆ ಹಿಂದಿನ ಬೆಂಚಿನಿಂದ "ಆಮ್ಲೇಟ್ ಏನ್ರೀ ಮೇಡಂ?" ಅಂತ ಒಂದು ದನಿ ಬರ್ತೈತಿ, ಪ್ರತಿ ವರ್ಷ, ತಪ್ಪದಂಗ. ಪ್ರತ್ಯಾಮ್ಲ ಅಂತೂ ಯಾರ ನಾಲಿಗಿಗೂ ಹೊಳ್ಳಂಗಿಲ್ಲ. ಪತ್ಯಾಮ್ಲ, ಪತ್ತೆಮ್ಲ, ಒಬ್ಬ ಅಂತೂ ಪತ್ತೆ ಇಲ್ಲ ಅಂತ ಬರದ. ಕಡೀಗೆ ನಾನ ಸೋತು ಹೊಸಾ ಹೆಸರಿಟ್ಟೆ. "ಇದು ಹುಳಿ ಪಾರ್ಟಿ, ಅದು ಸುಣ್ಣದ ಪಾರ್ಟಿ. ಲಿಂಬಿಹಣ್ಣು, ಹುಣಸಿಹಣ್ಣು, ಮಜ್ಜಿಗಿ ಎಲ್ಲಾ ಹುಳಿ ಪಾರ್ಟಿ. ಸುಣ್ಣ, ಸೋಪು, ಅಡಗಿ ಸೋಡಾ ಎಲ್ಲಾ ಸುಣ್ಣದ ಪಾರ್ಟಿ. ಎರಡೂ ಸಮ ಸಮ ಕೂಡಿದ್ರ ಇದರ ಹುಳೀನೂ ಹೋತು, ಅದರ ಖಾರಾನೂ ಹೋತು" ಅಂದೆ. ಇಲೆಕ್ಷನ್ ಮಾತು ಇವರಿಗೆ ಹುಟ್ಟಿನಿಂದ ಗೊತ್ತು, ಪಟ್ಟನ ತಿಳೀತು.

ಮರುದಿನ ಮನಿಯಿಂದ ಅರಿಶಿಣ, ಸುಣ್ಣ, ಎರಡು ಲಿಂಬಿಹಣ್ಣು, ಒಂದು ಸ್ಟೀಲ್ ತಾಟು ಒಯ್ದೆ. "ಆರತಿ ನೀರು ಕೆಂಪಗ ಹೆಂಗ ಆಗ್ತೈತಿ, ಹೇಳ್ರಲೇ" ಅಂದೆ. ಹುಡುಗ್ರೆಲ್ಲಾ "ಕುಂಕುಮ ಹಾಕ್ತಾರ್ರೀ" ಅಂದ್ರು. ಹುಡುಗ್ಯಾರು "ಥೂ, ಇಷ್ಟೂ ಗೊತ್ತಿಲ್ಲೇನು, ಅರಿಶಿಣದ ನೀರಿಗೆ ಸುಣ್ಣ ಹಾಕಿದ್ರ ಕೆಂಪಾಗ್ತೈತಿ" ಅಂತ ಅವರ ಮಾರಿಗೆ ಹೊಡದಂಗ ಹೇಳಿದ್ರು. ನಾನು ಸೆರಗು ಸೊಂಟಕ್ಕ ಸಿಗಿಸಿ, ಅರಿಶಿಣದ ನೀರಿಗೆ ಚಿಟಿಕಿ ಸುಣ್ಣ ಹಾಕಿ, "ಛೂ ಮಂತರ್!" ಅಂದೆ. ಕೆಂಪು. ಲಿಂಬಿಹಣ್ಣು ಹಿಂಡಿ ಮತ್ತೊಮ್ಮಿ "ಛೂ ಮಂತರ್!" ಅಂದೆ. ಹಳದಿ. ಮತ್ತ ಸುಣ್ಣ, ಮತ್ತ ಕೆಂಪು. ಕ್ಲಾಸು ಎದ್ದು ಕುಣೀತು, ಬಾಜೂ ಕ್ಲಾಸಿನ ಕಿಟಕಿ ತುಂಬ ಮಾರಿ. ನನಗೂ ಏನು ಕಮ್ಮಿ ಹುರುಪೇನು, ಆ ಛೂ ಮಂತರ್ ಅನ್ನೋದು ಬರೇ ನನ್ನ ಶೋಕಿ.

ಎರಡನೇ ಬೆಂಚಿನಾಗ ಒಬ್ಬಾಕಿ ಕುಣೀಲಿಲ್ಲ. ಎದ್ದು ನಿಂತು, "ಮೇಡಂ, ಹಿಂಗ ಎಷ್ಟು ಸಲ ಮಾಡಬಹುದ್ರಿ?" ಅಂತ ಕೇಳಿದ್ಲು. "ನಿನ್ನ ಸುಣ್ಣ, ಲಿಂಬಿಹಣ್ಣು ತೀರೋ ತನ" ಅಂದೆ. ಆಕಿ ತಲಿ ಅಲ್ಲಾಡಿಸಿ ಕುಂತ್ಲು. ಕ್ಲಾಸಿನಾಗ ಎಲ್ಲಾರಿಗಿಂತ ಚೂಟಿ, ಎಲ್ಲಾರಿಗಿಂತ ಹಟಮಾರಿ. ಏನಾರ ಹೇಳಿಕೊಟ್ರ ತಾನು ಕೈಯಿಂದ ಮಾಡಿ ನೋಡೋ ತನ ಆಕೀಗೆ ಉಂಡದ್ದು ಅರಗಂಗಿಲ್ಲ.

ಈಕಿ ಅಕ್ಕ ಸಿಂಧನೂರಿನ ಒಂದು ದವಾಖಾನ್ಯಾಗ ನರ್ಸು. ಸಂಜಿಮುಂದ ನಾನು ಊರಿಗೆ ಬರೋ ಹೊತ್ತಿನಾಗ ಆಕಿ ಊರಿಂದ ರಾತ್ರಿ ಪಾಳಿಗೆ ಹೊಂಟಿರ್ತಿದ್ಲು, ಇಬ್ಬರೂ ಒಂದ ಬಸ್ಸು. ಅದ ಬಸ್ಸಿನಾಗ ಒಬ್ಬ ಲೈನ್‌ಮನ್ ಹುಡುಗನೂ ಇರ್ತಿದ್ದ. ಅವರದು ಲಿಂಗಸುಗೂರು ಕಡೆ ಊರು, ಕೆಲಸ ಮಸ್ಕಿಯಾಗ. ಸಿಂಧನೂರಾಗ ಅವನಿಗೇನು ಕೆಲಸ ಇತ್ತು ಅಂತ ನಾ ಕೇಳಲಿಲ್ಲ, ನನಗ ಕಣ್ಣದಾವ. ಎರಡು ವರ್ಷ ಒಬ್ಬರಿಗೊಬ್ಬರು ಸೀಟು ಹಿಡದು ಹಿಡದು, ಕಡೀಗೆ ಎರಡೂ ಮನ್ಯಾಗ ಹೇಳಿದ್ರು. ಎಲ್ಲಾರೂ ಹೂಂ ಅಂದ್ರು, ಹುಡುಗನ ಸೋದರತ್ತಿ ಒಬ್ಬಾಕೀನ ಬಿಟ್ಟು. "ರಾತ್ರಿ ಪಾಳಿ ಮಾಡೋ ಸೊಸಿ ನಮಗ್ಯಾಕ?" ಅನ್ನೋದು ಆಕಿ ತಕರಾರು. ಹೆಂಗೋ ಮಾಡಿ ಆಕಿ ಬಾಯಿ ಮುಚ್ಚಿಸಿ ನಿಶ್ಚಯ ಇಟ್ಟಿದ್ರು. "ಮೇಡಂ, ಇದು ಆಗೋ ತನ ನನಗ ನೀರೂ ಇಳಿಯಂಗಿಲ್ರಿ" ಅಂತ ಆ ಹುಡುಗಿ ಬಸ್ಸಿನಾಗ ನನ್ನ ಕೈ ಹಿಡಕೊಂಡು ಹೇಳಿದ್ಲು.

ನಿಶ್ಚಯಕ್ಕ ನನ್ನೂ ಕರದಿದ್ರು. ಆಯಿತವಾರ, ಅವರ ಮನಿ ಮುಂದ ಹಂದರ. ಎರಡು ಗಾಡಿ ತುಂಬ ಬೀಗರು ಬಂದಿಳದ್ರು. ಉಡಿ ತುಂಬೋದು ಆತು, ಹುಡುಗ ಹುಡುಗೀನ ಜೋಡಿ ಕುಂದ್ರಿಸಿ ಆರತಿಗೆ ಕರದ್ರು. ತಾಟು ಹಿಡಕೊಂಡು ಬಂದಾಕಿ ನನ್ನ ಎರಡನೇ ಬೆಂಚಿನಾಕಿ. ಹೊಸಾ ಲಂಗ, ತಲಿತುಂಬ ಮಲ್ಲಿಗಿ, ತಾಟಿನಾಗ ಕೆಂಪನ್ನ ಆರತಿ ನೀರು. ಭಾವನ್ನ ಕಾಡಿಸೋದು ನಾದಿನಿ ಹಕ್ಕು, ಎಲ್ಲಾರೂ ಏನು ಕೇಳ್ತಾಳೋ ಅಂತ ನಗಮಾರಿ ಮಾಡ್ಕೊಂಡು ಕುಂತಿದ್ರು.

"ಭಾವಾ, ನಮ್ಮಕ್ಕನ್ನ ಪುಕ್ಕಟ ಕೊಡಂಗಿಲ್ರಿ. ಈ ಕೆಂಪು ನೀರು ಹಳದಿ ಮಾಡ್ತೀನಿ, ಹೆಂಗಾತು ಹೇಳ್ರಿ. ಹೇಳಿದ್ರ ಅಕ್ಕ ನಿಮ್ಮಾಕಿ" ಅಂದ್ಲು. ಮುಷ್ಟ್ಯಾಗ ಅರ್ಧ ಲಿಂಬಿಹಣ್ಣು ಮುಚ್ಚಿಟ್ಟುಕೊಂಡಿದ್ಲು ಹುಡುಗಿ! ನನಗ ಗೊತ್ತಾತು. ಖರೇ ಹೇಳ್ತೀನಿ, ಆಗ ನನಗ ಭಯ ಆಗಲಿಲ್ಲ, ಎದಿ ಉಬ್ಬಿತು. ಬಾಜೂ ಕುಂತಾಕೀಗೆ ಮೊಣಕೈಲೆ ತಿವಿದು, "ನೋಡ್ರಿ, ನಾ ಕಲಿಸಿದ್ದು" ಅಂದೆ.

"ಛೂ ಮಂತರ್!" ಅಂದ್ಲು, ಹಿಂಡಿದ್ಲು. ತಾಟಿನಾಗಿನ ಕೆಂಪು ಅಷ್ಟೂ ಹಳದಿ ಆತು.

ಆ ಸೋದರತ್ತಿ ಎದೀಗೆ ಕೈ ಬಡಕೊಂಡು ಎದ್ಲು. "ಅಯ್ಯಯ್ಯೋ, ಕುಂಕುಮ ತೊಳದು ಹೋತಲ್ಲೋ! ಮುತ್ತೈದಿ ಆಗೋಕಿ ಮುಂದ ಆರತಿ ಬಣ್ಣ ಬಿಡ್ತು!" ನಮ್ಮಾಕಿ "ಇಲ್ರೀ, ಇಲ್ರೀ, ಮತ್ತ ಕೆಂಪು ಮಾಡ್ತೀನ್ರಿ" ಅಂದ್ಲು. ಆದ್ರ ಸುಣ್ಣದ ಡಬ್ಬಿ ಅಡಗಿ ಮನ್ಯಾಗಿತ್ತು. ಆಕಿ ಒಳಗ ಓಡೋದ್ರಾಗ ಸೋದರತ್ತಿ ತಾಟು ಕಸಗೊಂಡು ಬೇವಿನ ಗಿಡದ ಬುಡಕ್ಕ ಚೆಲ್ಲಿಬಿಟ್ಲು. "ಏಳೋ, ಸಾಕು. ನಾ ಮೊದಲ ಹೇಳಿದ್ದೆ, ಈ ಸಂಬಂಧ ಬ್ಯಾಡ ಅಂತ. ಈಗ ದೇವರೂ ಹೇಳಿದ" ಅಂತ ಸೋದರಳಿಯನ ರಟ್ಟಿ ಹಿಡದು ಎಳದ್ಲು. ಕಂಬ ಏರಿ ಕರೆಂಟಿನ ತಂತಿ ಹಿಡಿಯೋ ಗಂಡಸು ಅತ್ತಿ ಮುಂದ ಏಳಲೂ ಇಲ್ಲ, ಕುಂದರಲೂ ಇಲ್ಲ, ನಡುವ ತಡದಿದ್ದ. ಹುಡುಗಿ ಯಾರನ್ನೂ ನೋಡಲಿಲ್ಲ, ಅವನೊಬ್ಬನ್ನ ನೋಡ್ತಿದ್ಲು. ಆಕಿ ಕಣ್ಣೀರು ಉಡ್ಯಾಗಿನ ಅಕ್ಕಿ ಮ್ಯಾಲ ಬೀಳಾಕತ್ತಿತ್ತು.

ಅವರವ್ವ ಸಣ್ಣಾಕೀನ ಜಡಿ ಹಿಡದು ಕೈ ಎತ್ತಿದ್ಲು. "ಅಕ್ಕನ ಬಾಳಿಗೆ ಬೆಂಕಿ ಹಚ್ಚಿದೆಲ್ಲ ಬೇ! ನಾಳಿಯಿಂದ ಸಾಲಿ ಬಂದ್ ನಿಂದು!" ನಾನು ಓಡಿ ಹೋಗಿ ಕೈ ಹಿಡದೆ. "ಆಕೀನ ಹೊಡೀಬ್ಯಾಡ್ರಿ, ಕಲಿಸಿದಾಕಿ ನಾನು" ಅಂದೆ. ಒಮ್ಮಿಗೇ ಎಲ್ಲಾರ ಮಾರಿ ನನ್ನ ಕಡೆ ಹೊಳ್ಳಿತು.

"ಸಾಲ್ಯಾಗ ಹಿಂಥಾದ್ದು ಕಲಸ್ತೀರೇನು? ಮಾಟ ಮಂತ್ರ?" ಅಂದ್ಲು ಸೋದರತ್ತಿ. ಅಲ್ಲಿ ನಾ ಸಮಾಧಾನದಿಂದ ಮಾತಾಡಬೇಕಿತ್ತು. ನನ್ನ ಸಿಟ್ಟು ನನ್ನ ಮಾತು ಕೇಳಬೇಕಲ್ಲ? ಬೆರಳು ತೋರಿಸಿ, ದನಿ ಎತ್ತಿ, "ಮಾಟ ಅಲ್ರೀ! ಇದು ಆಮ್ಲ ಮತ್ತು ಪ್ರತ್ಯಾಮ್ಲಗಳ ತಟಸ್ಥೀಕರಣ ಕ್ರಿಯೆ!" ಅಂತ ಒದರಿದೆ. ವರ್ಷಾನುಗಟ್ಟಲೆ ಹುಡುಗ್ರಿಗೆ ಪುಸ್ತಕದ ಮಾತು ಬ್ಯಾಡ ಅಂತ ತಿಳಕೊಂಡಾಕಿ, ಬೇಕಾದ ಹೊತ್ತಿಗೆ ಪುಸ್ತಕಾನ ಒದರಿದೆ. ಹಿಂದ ಯಾರೋ "ಏ ನೋಡ್ರೋ, ಇನ್ನೊಂದು ಮಂತ್ರ ಹೇಳಿದ್ಲು" ಅಂದ್ರು. ಒಬ್ಬಾಕಿ ಕೂಸಿನ ಮಾರಿ ಸೆರಗಿನಿಂದ ಮುಚ್ಚಿದ್ಲು.

ಆಗ ಗ್ವಾಡಿಗೆ ಒರಗಿ ಕುಂತಿದ್ದ ಒಬ್ಬ ಅಜ್ಜಿ ಕೈ ಮಾಡಿ ನನ್ನ ಕರದ್ಲು. ಹುಡುಗನ ಅಜ್ಜಿ, ಈ ಸೋದರತ್ತೀನ ಹಡದಾಕಿ. ಬಂದಾಗಿಂದ ಎಲೆ ಅಡಿಕಿ ಹಾಕ್ಕೊಂಡು ಎಲ್ಲಾರಿಗಿಂತ ಹಿಂದ ಕುಂತಿದ್ಲು. ಬಾಜೂಕ ಆಕಿ ಗಂಡ, ದೊಡ್ಡ ರುಮಾಲಿನ ತಾತ, ಎರಡನೇ ಬಟ್ಟಲು ಪಾಯಸ ಕುಡೀತಿದ್ದ.

"ಟೀಚರವ್ವ, ಒದರಬ್ಯಾಡ. ಮಾಡಿ ತೋರ್ಸು" ಅಂದ್ಲು.

"ಅವ್ವಾ, ನೀ ಸುಮ್ಕಿರು, ನಿನಗ ಆರತಿ ಅಂದ್ರ ಮೊದಲಿಂದ ಸೇರಂಗಿಲ್ಲ" ಅಂದ್ಲು ಮಗಳು. ಅಜ್ಜಿ ಆಕಿ ಕಡೆ ನೋಡಲೂ ಇಲ್ಲ. "ಮಾಡ್ತಾಳಲ್ಲ, ನೋಡೂನು" ಅಂದ್ಲು.

ನಾನು ನನ್ನ ವಿದ್ಯಾರ್ಥಿನಿ ಮಾರಿ ನೋಡಿದೆ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. "ನೀ ಮಾಡು. ಕ್ಲಾಸಿನಾಗ ನಾ ಹೇಳಿದಂಗ ಅಲ್ಲ, ನಿಮ್ಮವ್ವಗ ಹೇಳಿದಂಗ ಹೇಳು" ಅಂದೆ. ಅಡಗಿ ಮನಿಯಿಂದ ನಾಲ್ಕು ಗ್ಲಾಸು, ಅರಿಶಿಣ, ಸುಣ್ಣದ ಡಬ್ಬಿ, ಲಿಂಬಿಹಣ್ಣು ತಂದ್ಲು. ಅಜ್ಜಿ ಮುಂದ ಸಾಲಾಗಿ ಇಟ್ಲು. "ಅಮ್ಮಾ, ಅರಿಶಿಣಕ್ಕ ಎರಡು ಮಾರಿ ಅದಾವ್ರಿ. ಸುಣ್ಣ ಕಂಡ್ರ ಕೆಂಪಗ ಆಗ್ತೈತಿ, ಹುಳಿ ಕಂಡ್ರ ತನ್ನ ಹಳದಿಗೆ ಬರ್ತೈತಿ. ನಾ ಹುಳಿ ಹಿಂಡಿದೆ, ಅದಕ್ಕ ಹಂಗಾತ್ರಿ. ನಮ್ಮಕ್ಕಂದೇನೂ ಇಲ್ರಿ ಇದರಾಗ" ಅಂತ ಸುಣ್ಣ ಹಾಕಿದ್ಲು, ಕೆಂಪು. ಹಿಂಡಿದ್ಲು, ಹಳದಿ. ಮತ್ತ ಕೆಂಪು, ಮತ್ತ ಹಳದಿ. ಬೀಗರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತಗಟ್ಟಿದ್ರು. "ಅಯ್ಯ, ಅರಿಶಿಣದ ಕಲಿ ಬಿದ್ದ ಸೀರಿಗೆ ಸೋಪು ಹಚ್ಚಿದ್ರ ಕೆಂಪಗಾಗ್ತೈತಲ್ಲ, ಅದೂ ಇದ ಏನು?" ಅಂತ ಒಬ್ಬಾಕಿ ಕೇಳಿದ್ಲು. "ಹೌದ್ರಿ, ಸೋಪು ಸುಣ್ಣದ ಪಾರ್ಟೀರಿ" ಅಂದ್ಲು ನಮ್ಮಾಕಿ. ನನಗ ಆಗ ಆಕೀನ ಅಪ್ಪಿಕೊಳ್ಳಬೇಕು ಅನ್ನಿಸ್ತು.

ಸೋದರತ್ತಿ ಮಾತ್ರ ಜಗ್ಗಲಿಲ್ಲ. "ಸೀರಿ ಮಾತು ಸೀರಿಗೆ, ಆರತಿ ಮಾತು ಆರತಿಗೆ. ಕೆಟ್ಟ ಗುರ್ತು ಕೆಟ್ಟ ಗುರ್ತ. ಗಾಡಿ ತಗೀರಿ" ಅಂದ್ಲು. ಗಂಡಸರು ಚಪ್ಪಲಿ ಹುಡುಕಾಕತ್ತಿದ್ರು.

ಅಜ್ಜಿ ಇನ್ನೂ ಗ್ಲಾಸು ನೋಡಾಕತ್ತಿದ್ಲು. "ಟೀಚರವ್ವ, ನಂದೊಂದು ಪ್ರಶ್ನಿ ಐತಿ. ಸುಣ್ಣ ಹಾಕಿದ್ರೂ ಕೆಂಪು ಬರ್ಲಿಲ್ಲ ಅಂದ್ರ? ಹುಳಿ ಯಾರೂ ಹಿಂಡಿಲ್ಲ. ಆದ್ರೂ ಹಳದೀನ ಉಳೀತು ಅಂದ್ರ?"

"ಸುಣ್ಣ ಹಳೇದಿರಬೇಕಮ್ಮಾ" ಅಂದೆ. ಈ ಸಲ ದನಿ ತಗ್ಗಿಸಿದೆ. "ಗಾಳಿಗೆ ತೆರದಿಟ್ಟ ಸುಣ್ಣ ದಿನಾ ಹೋದಂಗ ಸಾಯ್ತೈತಿ. ನಾವು ಬಿಡೋ ಉಸುರಿನಾಗ ಒಂದು ಗಾಳಿ ಐತಿ, ಅದನ್ನ ಕುಡದು ಕುಡದು ಬರೇ ಕಲ್ಲಿನ ಪುಡಿ ಆಗ್ತೈತಿ. ನೋಡಾಕ ಬೆಳ್ಳಗ ಇರ್ತೈತಿ, ಎಲೀಗೆ ಹಚ್ಚಿದ್ರ ಬಾಯಿ ಸುಡಂಗಿಲ್ಲ."

"ತೋರ್ಸು."

ಸತ್ತ ಸುಣ್ಣ ಎಲ್ಲಿಂದ ತರೋದು ಅಂತ ನಾ ನೋಡೋದ್ರಾಗ ನಮ್ಮಾಕಿ ಅಜ್ಜಿ ಬೆನ್ನ ಹಿಂದಿನ ಗ್ವಾಡಿ ಉಗುರಿನಿಂದ ಕೆರದ್ಲು. ಎಂದೋ ಹಚ್ಚಿದ ಸುಣ್ಣ, ಹಕ್ಕಳಿಕಿ ಹಕ್ಕಳಿಕಿ ಬಂತು. ಹೊಸಾ ಅರಿಶಿಣದ ನೀರಿಗೆ ಹಾಕಿ ಕದಡಿದ್ಲು. ಹಳದಿ. ಇನ್ನಷ್ಟು ಹಾಕಿದ್ಲು. ಹಳದೀನ. ಅಜ್ಜಿ ತಾನ ಹೊಳ್ಳಿ, ತನ್ನ ಬೆರಳಿಂದ ಗ್ವಾಡಿ ಕೆರದು ಒಂದು ಹಿಡಿ ಹಾಕಿದ್ಲು. ನೀರು ಗೊಜ್ಜಾತು, ಕೆಂಪು ಬರ್ಲಿಲ್ಲ. ಆಮ್ಯಾಲ ತನ್ನ ಎಲೆ ಅಡಿಕಿ ಸಂಚ್ಯಾಗಿನ ಡಬ್ಬಿ ತಗದು, ಎಲೀಗೆ ಹಚ್ಚೋ ಹಸೀ ಸುಣ್ಣ ಕಡ್ಲಿಕಾಳಿನಷ್ಟು ಅದ ಗ್ಲಾಸಿಗೆ ಬಿಟ್ಲು. ಭರ್ರನ ಕೆಂಪು ಏರ್ತು.

ಅಜ್ಜಿ ಆ ಗ್ಲಾಸು ಎತ್ತಿ ಬೆಳಕಿಗೆ ಹಿಡದು ನೋಡಿದ್ಲು. "ನನ್ನ ಮದಿವಿ ದಿನ ಹೊಸ್ತಿಲದಾಗ ಆರತಿ ಹಿಡದ್ರು" ಅಂದ್ಲು. "ನೀರು ಹಳದಿ ಇತ್ತು. ಎಷ್ಟು ಸುಣ್ಣ ಹಾಕಿದ್ರೂ ಹಳದಿ. ಈಕಿ ಕಾಲಿಟ್ಟರ ಕುಂಕುಮ ಒಲ್ಲೆ ಅಂತು, ಈಕಿ ಕೈಯಾಗ ಆರತಿ ತಾಟು ಕೊಡಬ್ಯಾಡ್ರಿ ಅಂದ್ಲು ನಮ್ಮತ್ತಿ. ಅವತ್ತಿಂದ ಯಾರೂ ಕೊಟ್ಟಿಲ್ಲ." ಮಗಳ ಕಡೆ ಹೊಳ್ಳಿದ್ಲು. "ನನಗ ಸೇರಂಗಿಲ್ಲ ಅಂತಿ ನೀನು. ನಿನ್ನ ಮದಿವ್ಯಾಗ ನಾ ಅಡಗಿ ಮನ್ಯಾಗ ಕುಂತು ನಿನ್ನ ಆರತಿ ಹಾಡು ಕೇಳಿದೆ. ಹೊರಗ ಬಂದ್ರ ನಿನಗ ಕೆಟ್ಟದಾಗ್ತೈತಿ ಅಂದಿದ್ರು."

ಸೋದರತ್ತಿ ಅವ್ವನ ಬಾಜೂ ಬಂದು ಕುಂತ್ಲು. ಅಜ್ಜಿ ಗಂಡನ ಕಡೆ ಬೆರಳು ಮಾಡಿದ್ಲು. "ನನ್ನ ಕುಂಕುಮ ತೊಳದು ಹೋಗಿದ್ರ ಇಂವ ಯಾರು? ಎರಡು ಬಟ್ಟಲು ಪಾಯಸ ಬಾರಿಸ್ಯಾನ, ಮೂರನೇದು ಕೇಳಾಕತ್ಯಾನ!" ಹಂದರ ಪೂರಾ ಬಿದ್ದು ಬಿದ್ದು ನಕ್ಕಿತು. ತಾತ ಬಟ್ಟಲು ಬೆನ್ನ ಹಿಂದ ಮುಚ್ಚಿಟ್ಟ. ಮತ್ತ ಅಜ್ಜಿ ನನ್ನ ಕಡೆ ನೋಡಿದ್ಲು, ಆಗ ಆಕಿ ನಗ್ತಿರಲಿಲ್ಲ. ನಮ್ಮ ಹತ್ತನೇ ಕ್ಲಾಸಿನ ಹುಡುಗ್ಯಾರಂಗ, ಉತ್ತರ ತಪ್ಪಿದ್ರ ಅನ್ನೋ ಅಂಜಿಕಿಲೆ ಕೇಳಿದ್ಲು. "ಹಂಗಾರ ತಪ್ಪು ಸುಣ್ಣದ್ದು ಏನವ್ವ? ನಂದಲ್ಲ?"

"ನಿಮ್ಮದಲ್ಲಮ್ಮಾ. ಒಟ್ಟ ನಿಮ್ಮದಲ್ಲ" ಅಂದೆ. ಇಷ್ಟು ವರ್ಷ ಪಾಠ ಹೇಳೀನಿ, ಒಂದು ಉತ್ತರ ಯಾರಿಗಾದ್ರೂ ಇಷ್ಟು ಬೇಕಾಗಿದ್ದನ್ನ ನಾ ಕಂಡಿರಲಿಲ್ಲ.

ಅಜ್ಜಿ ಗ್ವಾಡಿ ಹಿಡದು ಎದ್ಲು. "ತಾಟು ತಾ" ಅಂದ್ಲು. ತಂದು ಕೊಟ್ಟಾಕಿ ಬ್ಯಾರೆ ಯಾರೂ ಅಲ್ಲ, ಆ ಸೋದರತ್ತೀನ. ಸೆರಗಿನಿಂದ ತಾಟು ಒರಸಿ, ಅರಿಶಿಣ ಕಲಸಿ, ಅವ್ವನ ಡಬ್ಬ್ಯಾಗಿನ ಸುಣ್ಣ ಹಾಕಿ, ಕೆಂಪಗಾದ ಮ್ಯಾಲ ಎರಡೂ ಕೈಲೆ ಅವ್ವಗ ಕೊಟ್ಲು. ಹುಡುಗ ಆಗಲೇ ಗಟ್ಟಿಯಾಗಿ ಕುಂತಿದ್ದ. ತಾಟು ಹೆಂಗ ತಿರುಗಿಸಬೇಕು ಅನ್ನೋದು ಅಜ್ಜಿಗೆ ತಿಳೀವಲ್ದು. ಎಡಕ್ಕೋ ಬಲಕ್ಕೋ ಅಂತ ಹೆಣ್ಣುಮಕ್ಕಳನ್ನ ಕೇಳಿ ಕೇಳಿ, ನೀರು ಚೆಲ್ಲಿಕೊಂಡು, ಇಬ್ಬರಿಗೂ ಬೆಳಗಿದ್ಲು. ಕೆಂಪು ನೀರಿನಾಗ ಬೆರಳದ್ದಿ ಹುಡುಗಿ ಹಣೀಗೆ ಹಚ್ಚಿ, "ಬಾರವ್ವ ನಮ್ಮ ಮನಿಗೆ, ರಾತ್ರಿ ಪಾಳಿ ಮಾಡಿ ಬಂದ್ರೂ ಬಾ, ಬಾಗಿಲು ನಾ ತಗೀತೀನಿ" ಅಂದ್ಲು. ಹುಡುಗಿ ಆಕಿ ಕಾಲು ಹಿಡದು ಅತ್ಲು.

ಆರತಿ ಮುಗೀತು ಅಂತ ತಾಟು ಇಸಕೊಳ್ಳಾಕ ಹೋದ್ರ ಅಜ್ಜಿ ಕೊಡವಲ್ಲಳು. ಮಗಳಿಗೆ ಬೆಳಗಿದ್ಲು, ನಮ್ಮ ಎರಡನೇ ಬೆಂಚಿನಾಕೀಗೆ ಬೆಳಗಿದ್ಲು, ಬ್ಯಾಡ ಬ್ಯಾಡ ಅಂದ್ರೂ ನನಗ ಬೆಳಗಿದ್ಲು. ಕಡೀಗೆ ಗಂಡನ ಮುಂದ ಹೋಗಿ ನಿಂತ್ಲು.

"ಏ ಹುಚ್ಚಿ, ನನಗ್ಯಾಕ?" ಅಂದ ತಾತ.

"ಸುಮ್ನ ಕುಂದ್ರು. ಅವತ್ತು ಕೆಂಪಗ ಆಗಬೇಕಿತ್ತು, ಆಗಿದ್ದಿಲ್ಲ" ಅಂದ್ಲು ಅಜ್ಜಿ, ತಾಟು ಎತ್ತಿ.